ಅವನು ಹೇಳದೆ ಬಿಟ್ಟ ಕಿಟಕಿ

ಹಳೆಯ ಪೇಟೆಯ ಹೆಬ್ಬಾಗಿಲಲ್ಲಿ ಗೈಡೊಬ್ಬ ಹೊಲಿಗೆಯವಳೊಬ್ಬಳಿಗೆ ಅಡ್ಡ ಬಂದ.

"ಗೈಡ್ ಬೇಕಾ ಅಮ್ಮಾ? ಒಳಗೆ ಬರೀ ಓಣಿಗಳು, ದಾರಿ ತಪ್ಪುತ್ತೆ."

"ಬೇಡಪ್ಪ," ಎಂದು ಅವಳು ನಡೆದೇಬಿಟ್ಟಳು. ಗೈಡನ ಹೆಂಡತಿಗೆ ಗೈಡು ಬೇರೆ ಕೇಡು!

ಅವಳ ಗಂಡ ಬದುಕಿರುವವರೆಗೂ ಇಲ್ಲಿ ಪ್ರವಾಸಿಗರಿಗೆ ದಾರಿ ತೋರಿಸಿಯೇ ಹೊಟ್ಟೆ ಹೊರೆದವನು. ಮಾರನೆಯ ದಿನ ಹೇಳಬೇಕಾದ ಕತೆಗಳನ್ನು ಸಂಜೆ ಅವಳ ಹೊಲಿಗೆ ಮಿಷನ್ನಿನ ಪಕ್ಕ ಕೂತು ಒಪ್ಪಿಸುತ್ತಿದ್ದ. "ಒಂದ್ಸಲ ಬಂದು ನೋಡೇ," ಎಂದರೆ ಅವಳು, "ಈ ಬಟ್ಟೆ ಮುಗೀಲಿ ರೀ," ಎನ್ನುತ್ತಿದ್ದಳು. ಬಟ್ಟೆ ಮುಗಿಯಲಿಲ್ಲ, ಅವನೇ ಮುಗಿದುಹೋದ.

ಈಗ ಒಂದೊಂದು ತಿರುವಿನಲ್ಲೂ ಅವನ ದನಿ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು: "ಎಡಕ್ಕೆ ಬನ್ನಿ. ಬಾಗಿಲು ಗಿಡ್ಡ, ತಲೆ ಜೋಪಾನ." ಅವಳು ತಲೆ ತಗ್ಗಿಸಿದಳು. ಗಡಿಯಾರದ ಗೋಪುರ, ಉಪ್ಪಿನ ಉಗ್ರಾಣ, ಸವೆದ ಮೆಟ್ಟಿಲು, ಎಲ್ಲವೂ ಅವನು ಹೇಳಿದ ಜಾಗದಲ್ಲೇ ಇದ್ದವು. ಆದರೆ ಒಂದು ಹಸಿರು ಕಿಟಕಿಯ ಕೆಳಗೆ ದನಿ ಥಟ್ಟನೆ ನಿಂತಿತು. ಈ ಕಿಟಕಿಯ ಸುದ್ದಿಯನ್ನು ಅವನು ಮನೆಯಲ್ಲಿ ಎತ್ತಿದ್ದೇ ಇಲ್ಲ.

ಅವಳು ಹೆಬ್ಬಾಗಿಲಿಗೆ ಹಿಂತಿರುಗಿ ಅದೇ ಗೈಡನ್ನು ಕರೆತಂದಳು.

"ಇಲ್ಲೊಬ್ಬಳು ಹೊಲಿಗೆಯವಳಿದ್ದಳಂತೆ ಅಮ್ಮಾ. ಮನೆ ಬಿಟ್ಟು ಹೊರಗೆ ಬಂದವಳೇ ಅಲ್ಲ. ಗಂಡ ದಿನಾ ಬಂದು ಊರನ್ನೆಲ್ಲ ಬಾಯಲ್ಲೇ ತೋರಿಸ್ತಿದ್ದ. ಒಂದಿನ ಅವನು ಬರಲಿಲ್ಲ. ಇವಳೇ ಹುಡುಕ್ಕೊಂಡು ಹೊರಟಳು."

ಅವಳು ಕಿಟಕಿ ನೋಡುತ್ತಲೇ ಕೇಳಿದಳು, "ಸಿಕ್ಕಿದ್ನಾ?"

"ಗೊತ್ತಿಲ್ಲಮ್ಮಾ. ಈ ಕತೆ ಕಲಿಸಿದ ನಮ್ಮ ಹಿರಿಯ ಗೈಡನ್ನ ಕೇಳಿದ್ರೆ, 'ಅದನ್ನ ಅವಳೇ ಬಂದು ಹೇಳ್ಬೇಕು' ಅಂತಿದ್ರು."