ಗಡಿಯಾರ ತಿರುಗಿಸುವ ತ್ಯಾಗರಾಜರು

ತ್ಯಾಗರಾಜರಿಗೆ ಸ್ನೇಹಿತರು ಅಂತ ಯಾರೂ ಇರಲಿಲ್ಲ. ಇದನ್ನು ಅವರ ಹೆಂಡತಿ ಪದ್ಮಿನಿಯೇ ನನಗೆ ಹೇಳಿದ್ದು, ಪಲ್ಯಕ್ಕೆ ಉಪ್ಪು ಸಾಲದು ಎಂದು ಹೇಳುವ ಹಾಗೆ. ನಾನು ಮಗಳು ರಜನಿಯ ಬಾಣಂತನಕ್ಕೆಂದು ಹೂಫ್‌ಡಾರ್ಪ್ ಎಂಬ ಪರದೇಶದ ಊರಿಗೆ ಹೋದವಳು, ಕೂಸು ಹೆಜ್ಜೆ ಇಡುವವರೆಗೂ ಅಲ್ಲೇ ಉಳಿದೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಊರಿನ ಗೋಡೆಗಳು ಬಲು ತೆಳ್ಳಗೆ.

ತ್ಯಾಗರಾಜರು ಮೈಸೂರಿನವರು. ವಿಮಾನ ನಿಲ್ದಾಣದ ಹತ್ತಿರ ಹೂವಿನ ಪೆಟ್ಟಿಗೆಗಳನ್ನು ದೇಶದೇಶಕ್ಕೆ ಕಳಿಸುವ ಒಂದು ಕಚೇರಿಯಿತ್ತು. ಅವರು ಅಲ್ಲಿಗೆ ಸೇರಿದಾಗ ಎಲ್ಲ ಲೆಕ್ಕವೂ ಕಾಗದದ ಮೇಲಂತೆ. ಅದನ್ನು ಕಂಪ್ಯೂಟರಿಗೆ ಏರಿಸಿದವರು ಇವರೇ. ಕರಿ ಪರದೆ, ಬಿಳಿ ಅಕ್ಷರ, ಚಿತ್ರವಿಲ್ಲ, ಬಣ್ಣವಿಲ್ಲ. ಅದಕ್ಕೆ ಡಾಸ್ ಎಂದು ಹೆಸರು. ಆಮೇಲೆ ಊರಿಗೆಲ್ಲ ವಿಂಡೋಸ್ ಎಂಬುದು ಬಂತು. ಕೈಯಲ್ಲಿ ಮೌಸ್ ಹಿಡಿದು ಒತ್ತಿದರೆ ಕೆಲಸ ಆಗುವುದಂತೆ. ತ್ಯಾಗರಾಜರು ಅದನ್ನು ಹೊಸಿಲು ದಾಟಲು ಬಿಡಲಿಲ್ಲ. ಮ್ಯಾನೇಜರ್ ವಿಲ್ಲೆಮ್ ಕೇಳಿದಾಗೆಲ್ಲ, ಟ್ಯೂಲಿಪ್ ಕಾಲದಲ್ಲಿ ಕೈ ಹಾಕಿದರೆ ಹೂವು ಬಾಡುತ್ತದೆ ಎನ್ನುವುದು. ಹೂವಿನ ಕಾಲ ಮುಗಿದ ಮೇಲೆ ಎಲ್ಲರೂ ರಜದಲ್ಲಿದ್ದಾರೆ ಎನ್ನುವುದು. ಹೀಗೆ ವರ್ಷಗಳನ್ನು ದೂಡಿದ್ದರು. ಹೊಸ ಕಂಪ್ಯೂಟರಿನ ಹುಡುಗರನ್ನು ಕಂಡರೆ, "ಇಲಿ ಬಾಲ ಹಿಡ್ಕೊಂಡು ಹೊಟ್ಟೆ ಹೊರೆಯೋರು" ಎಂದು ಅವರ ಎದುರಿಗೇ ಅನ್ನುತ್ತಿದ್ದರು. ಸ್ನೇಹಿತರು ಎಲ್ಲಿಂದ ಬರಬೇಕು.

ಎರಡು ಸಾವಿರನೇ ಇಸವಿ ಬಂದರೆ ಹಳೆಯ ಕಂಪ್ಯೂಟರುಗಳೆಲ್ಲ ತಲೆ ಕೆಟ್ಟು ಕೂರುತ್ತವೆ ಎಂಬ ಹೆದರಿಕೆ ಆಗ ಎಲ್ಲ ಕಡೆ ಇತ್ತು. ಆ ಹೆದರಿಕೆಯ ದೆಸೆಯಿಂದಲೇ ನಮ್ಮ ಅಳಿಯ ರಮೇಶರಿಗೆ ಬೆಂಗಳೂರಿನಿಂದ ಅಲ್ಲಿಗೆ ಕೆಲಸ ಸಿಕ್ಕಿದ್ದು. ಅವರನ್ನು ಹಾಕಿದ್ದು ಯಾವ ಕಚೇರಿಗೆ ಅಂದರೆ, ಪಕ್ಕದ ಮನೆಯ ತ್ಯಾಗರಾಜರ ಕಚೇರಿಗೇ. ಹಳೆಯದನ್ನು ತೆಗೆ, ಹೊಸದನ್ನು ಕೂರಿಸು ಎಂದು. ಅಲ್ಲಿಂದ ಮುಂದೆ ಗೋಡೆಯ ಈ ಕಡೆಯೂ ಆ ಕಡೆಯೂ ಬರೀ ಬೈಗುಳ ಕೇಳಿದ್ದೇ ನಾನು.

ಆ ವರ್ಷ ಯುಗಾದಿ ಶನಿವಾರ ಬಂತು. ನೆರೆಯವರು ಎಂಬ ದಾಕ್ಷಿಣ್ಯಕ್ಕೆ ರಜನಿ ಅವರಿಬ್ಬರನ್ನೂ ಊಟಕ್ಕೆ ಕರೆದಳು. ಎಲೆಯಿಲ್ಲದ ಊರು, ತಟ್ಟೆಗೇ ಬಡಿಸಿದ್ದು. ರಮೇಶರು ಹೋಳಿಗೆ ಮುರಿಯುತ್ತ ಶುರು ಮಾಡಿದರು.

"ಸಾರ್, ನಿನ್ನೆ ನಿಮ್ಮ ಡಾಸ್ ಬಾಕ್ಸ್ ಎತ್ತಿ ಗೋಡೌನ್‌ಗೆ ಹಾಕಿದ್ವಿ. ಒಂದು ಎಳ್ಳುನೀರು ಬಿಟ್ಬಿಡಿ, ಮುಗೀತು."

"ಬಿಡೋಣ ಬಿಡೋಣ," ಎಂದರು ತ್ಯಾಗರಾಜರು. "ಪಿಂಡ ಇಟ್ಟ ಮೇಲೆ ಕಾಗೆ ಬೇಕಲ್ಲ, ಈ ಊರಲ್ಲಿ ಏನ್ಮಾಡೋದು ಅಂತ ಯೋಚ್ನೆ ಆಗಿತ್ತು. ನೀವಿದ್ದೀರಲ್ಲ."

"ಹಬ್ಬದ ದಿನ ಎಂಥ ಮಾತ್ರೀ ಇವು," ಎಂದಳು ರಜನಿ.

"ಬಿಡಮ್ಮ, ನಮ್ಮನೇಲಿ ದಿನಾ ಇದೇ," ಎಂದಳು ಪದ್ಮಿನಿ. "ನನ್ನ ಹೆಸರು ಹಿಡಿದು ಕರೆದು ಯಾವ ಕಾಲ ಆಯ್ತೋ. ಆ ಡಬ್ಬಕ್ಕೆ ಮಾತ್ರ ಏಳಪ್ಪ, ಕೂತ್ಕೋಪ್ಪ ಅಂತ ಉಪಚಾರ."

"ಹೊಸದಕ್ಕೆ ಉಪಚಾರ ಬೇಕಾಗಲ್ಲ ಸಾರ್. ಎಲ್ಲ ತಾನೇ ಮಾಡ್ಕೊಳತ್ತೆ."

"ತಾನೇ ಆಗೋದು ಅಂದ್ರೆ ಕೂದಲು ನೆರೆಯೋದೊಂದೇ ಕಣ್ರೀ," ಎಂದು ತ್ಯಾಗರಾಜರು ಕೈ ತೊಳೆಯಲು ಎದ್ದರು. ಪಾಯಸ ತಟ್ಟೆಯಲ್ಲೇ ಉಳಿಯಿತು.

ಮಾರನೆಯ ಭಾನುವಾರ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನ. ವಸಂತದಲ್ಲಿ ಮುಂದಕ್ಕೆ, ಚಳಿ ಬರುವ ಮೊದಲು ಹಿಂದಕ್ಕೆ. ಹಳೆಯ ಕಂಪ್ಯೂಟರಿಗೆ ಇದು ತಿಳಿಯುತ್ತಿರಲಿಲ್ಲವಾದ್ದರಿಂದ ತ್ಯಾಗರಾಜರೇ ರಜದ ದಿನ ಬಸ್ಸು ಹಿಡಿದು ಹೋಗಿ, ಪರದೆಯಲ್ಲಿ ಎಷ್ಟು ಗಂಟೆ ಇದೆಯೋ ಅದಕ್ಕೆ ಒಂದು ಸೇರಿಸಿ ಇಲ್ಲವೇ ಕಳೆದು ಬರುವರು. ಅದಕ್ಕೆಂದೇ ಕಚೇರಿಯವರು ಅವರಿಗೊಂದು ಬೀಗದ ಕೈ ಕೊಟ್ಟಿದ್ದರು. ಮನೆಗೆ ಬಂದು ಊರಿನಲ್ಲಿರುವ ಕನ್ನಡದವರಿಗೆಲ್ಲ ಫೋನು ಮಾಡಿ, "ತಿರುಗಿಸಿದ್ರಾ?" ಎಂದು ಕೇಳುವರು. ಎಲ್ಲರದೂ ಆದ ಮೇಲೆ ಕೊನೆಗೆ ತಮ್ಮ ಕೈಗಡಿಯಾರ. ಜಗಳವಾಡಿಕೊಂಡವರ ಮನೆಗೂ ಆ ಒಂದು ಫೋನು ತಪ್ಪುತ್ತಿರಲಿಲ್ಲ. ವರ್ಷದಲ್ಲಿ ಆ ಎರಡು ದಿನ ಮಾತ್ರ ಜನ ಅವರೊಂದಿಗೆ ನಗುತ್ತ ಮಾತಾಡುತ್ತಿದ್ದರು ಎಂದು ಪದ್ಮಿನಿ ಹೇಳುತ್ತಿದ್ದಳು.

ಕಂಪ್ಯೂಟರು ಬದಲಾಗಿದ್ದರೂ ಆ ಭಾನುವಾರವೂ ಹೋದರು. ಹೋಗಬೇಡಿ ಎಂದು ಯಾರೂ ಹೇಳಿರಲಿಲ್ಲ. ಹಿಂದಿರುಗಿದ ಮೇಲೆ ನಮ್ಮ ಮನೆಗೂ ಫೋನು ಬಂತು. ರಮೇಶರು ಎತ್ತಿಕೊಂಡರು. ನಾನು ಅಲ್ಲೇ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ.

"ನಮ್ಮನೇದು ಆಯ್ತು ಸಾರ್. ನೀವ್ಯಾಕೆ ಆಫೀಸ್‌ಗೆ ಹೋಗಿದ್ರಿ? ಹೊಸ ಸಿಸ್ಟಮ್ ತಾನೇ ತಿರುಗಿಸ್ಕೊಂಡಿರತ್ತೆ. ಸ್ಕ್ರೀನ್ ಮೇಲೆ ಹಾಗಂತ ಬರೆದೂ ಇರತ್ತೆ. ಓದ್ಲಿಲ್ವಾ?"

ಆ ಕಡೆಯಿಂದ "ಓದಿದೆ," ಎಂದದ್ದು ನನಗೂ ಕೇಳಿಸಿತು. ಫೋನು ಇಟ್ಟರು. ರಮೇಶರು ನಕ್ಕರು. "ನೋಡಿ ಅತ್ತೆ, ಮುಂದಿನ ಸಲದಿಂದ ಈ ಕೆಲಸಾನೂ ಇಲ್ಲ."

ಒಂದು ಗಳಿಗೆಯಲ್ಲಿ ಗೋಡೆಯಾಚೆ ಪದ್ಮಿನಿಯ ದನಿ. "ಈಗ ತಾನೇ ಬಂದ್ರಿ, ಮತ್ತೆಲ್ಲಿಗೆ ಬೂಟು ಹಾಕ್ತಿದ್ದೀರಿ?" ಬಾಗಿಲು ತೆರೆಯಿತು, ಹಾಗೇ ಮುಚ್ಚಿತು. ಬೂಟನ್ನು ಎಸೆದ ಸದ್ದಾಯಿತು.

ಸೋಮವಾರ ಬೆಳಗಿನ ಜಾವದ ಪಾಳಿಯಲ್ಲಿ ಎಡವಟ್ಟಾಯಿತು. ಕಂಪ್ಯೂಟರು ಒಂದು ಗಂಟೆ ಮುಂದಿತ್ತು. ವಿಮಾನ ಇನ್ನೂ ಹೂವು ತುಂಬಿಸಿಕೊಳ್ಳುತ್ತಿರುವಾಗಲೇ ಅದು ಹೊರಟುಹೋಯಿತೆಂದು ಪರದೆ ತೋರಿಸಿತಂತೆ. ಕೆಳಗಿನ ಕೆಲಸದವರು ಪರದೆಯನ್ನು ನಂಬಿ ಉಳಿದ ಪೆಟ್ಟಿಗೆಗಳನ್ನು ಹಿಂದಕ್ಕೆ ತಳ್ಳಿಬಿಟ್ಟರು. ವಿಮಾನ ಹಾರಿತು, ಟ್ಯೂಲಿಪ್ ನೆಲದ ಮೇಲೆ ಉಳಿಯಿತು.

ರಮೇಶರು ಮನೆಗೆ ಬಂದವರು ಕೋಟು ಕೂಡ ತೆಗೆಯದೆ ಕೂಗಾಡಿದರು. "ಬೇಕಂತ್ಲೇ ಮಾಡಿದ್ದು ಆ ಮನುಷ್ಯ. ಓದಿದೆ ಅಂತ ಬಾಯಿಬಿಟ್ಟು ಹೇಳಿದ್ರಲ್ಲ. ಓದಿ, ಮೇಲೆ ಇನ್ನೊಂದು ಗಂಟೆ ತಿರುಗಿಸಿದ್ದಾರೆ. ನನ್ನ ಹೆಸರು ಕೆಡಿಸೋಕೆ."

ವಿಲ್ಲೆಮ್ ಇಬ್ಬರನ್ನೂ ಕೂರಿಸಿಕೊಂಡು ಕೇಳಿದನಂತೆ: ತಿಳಿಯದೆ ಆಯಿತೋ, ತಿಳಿದು ಮಾಡಿದ್ದೋ? ತಿಳಿಯದೆ ಆಗಿದ್ದರೆ ಹೊಸ ಹುಡುಗರ ಜೊತೆ ಕೂತು ರಮೇಶರ ಹತ್ತಿರ ಮೊದಲಿನಿಂದ ಕಲಿಯಬೇಕು, ಕೆಲಸ ಉಳಿಯುತ್ತದೆ. ತಿಳಿದು ಮಾಡಿದ್ದಾದರೆ ಮನೆಗೆ. ಯೋಚಿಸಿ ಬುಧವಾರ ಹೇಳು ಎಂದನಂತೆ.

ಮಂಗಳವಾರ ಮಧ್ಯಾಹ್ನ ಪದ್ಮಿನಿ ನಮ್ಮ ಅಡಿಗೆಮನೆಗೆ ಬಂದು ಕೂತಳು. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

"ಅಮ್ಮಾ, ಅವರು ಓದಿರ್ಲಿಲ್ಲ. ಪರದೆ ಮೇಲೆ ಬರೋ ಆ ಡಬ್ಬಿಗಳ್ನ ಕಂಡ್ರೇ ಅವರಿಗಾಗಲ್ಲ. ಏನೋ ಕೇಳತ್ತೆ, ಹೂಂ ಅಂದ್ರೆ ತೊಲಗತ್ತೆ ಅಂತಾರೆ. ಹಾಗೇ ಒತ್ತಿಬಿಟ್ಟು ವರ್ಷವರ್ಷದ ಹಾಗೆ ಒಂದು ಸೇರ್ಸಿ ಬಂದಿದ್ದಾರೆ. ನಿಮ್ಮಳಿಯ ಫೋನಲ್ಲಿ ಹಾಗಂದ ಮೇಲೇ ಗೊತ್ತಾಗಿದ್ದು."

"ಮತ್ತೆ ಹೋಗಿ ಸರಿ ಮಾಡಬಾರದಿತ್ತಾ ತಾಯಿ?"

"ಹೊರಟ್ರು. ಬಾಗಿಲ ತನಕ ಹೋದ್ರು. ವಾಚ್‌ಮನ್ ಕೇಳ್ತಾನೆ ಮತ್ತ್ಯಾಕೆ ಬಂದೆ ಅಂತ, ಅವ್ನು ನಾಳೆ ರಮೇಶನಿಗೆ ಹೇಳ್ತಾನೆ ಅಂದ್ರು. ಸೋಮವಾರ ಮೊದಲ್ನೇ ಬಸ್ಸಿಗೆ ಹೋಗಿ ಗೊತ್ತಾಗದ ಹಾಗೆ ಸರಿಮಾಡ್ತೀನಿ ಅಂತ ಕೂತ್ರು. ಮೊದಲ್ನೇ ಬಸ್ಸು ಹೋಗೋ ಹೊತ್ತಿಗೆ ವಿಮಾನಾನೇ ಹೋಗಿತ್ತು." ಸೆರಗಿನಿಂದ ಮೂಗೊರೆಸಿಕೊಂಡಳು. "ನಿಮ್ಮಳಿಯನಿಗೆ ಹೇಳಿ. ತಿಳೀದೆ ಆಗಿದ್ದು ಅಂತ ವಿಲ್ಲೆಮ್‌ಗೆ ಅವರೇ ಒಂದು ಮಾತು ಹೇಳ್ಲಿ. ಈ ವಯಸ್ಸಲ್ಲಿ ಇವರಿಗೆ ಬೇರೆ ಯಾರು ಕೆಲಸ ಕೊಡ್ತಾರೆ?"

ಸಂಜೆ ಅಳಿಯಂದಿರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಅವರಿಗೆ ನಂಬಿಕೆ ಬಂತು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ಮೆತ್ತಗಾಗಲಿಲ್ಲ.

"ಅವರ ಬಾಯಲ್ಲಿ ಒಂದೇ ಸಲ ‘ಗೊತ್ತಾಗ್ಲಿಲ್ಲ’ ಅನ್ನೋದು ಕೇಳ್ಬೇಕು ಅತ್ತೆ. ಬಂದ ದಿನದಿಂದ ನನ್ನ ಇಲಿ ಅಂದಿದ್ದಾರೆ, ಕಾಗೆ ಅಂದಿದ್ದಾರೆ. ಇಲ್ಲಿಗೆ ಬಂದು ನನ್ನೆದುರಿಗೆ ಹೇಳಲಿ. ಬೆಳಿಗ್ಗೆ ನಾನೇ ಹೋಗಿ ವಿಲ್ಲೆಮ್‌ಗೆ ಹೇಳ್ತೀನಿ."

ಅದನ್ನು ಹೋಗಿ ಪದ್ಮಿನಿಗೆ ಹೇಳಿದೆ. ಅವಳು ಹೇಗೆ ಒಪ್ಪಿಸಿದಳೋ, ಅದೇ ರಾತ್ರಿ ಗಂಡನನ್ನು ಕರೆದುಕೊಂಡು ಬಂದಳು. ತ್ಯಾಗರಾಜರು ಒಳಗೆ ಬಂದು ಕೂರಲಿಲ್ಲ. ಬಾಗಿಲ ಬಳಿ ಬೂಟಿನಲ್ಲೇ ನಿಂತರು. ರಮೇಶರು ಸೋಫಾದಿಂದ ಏಳಲಿಲ್ಲ.

"ಏನೋ ಹೇಳ್ಬೇಕಂತೆ ಸಾರ್."

"ನನಗೇನಿದೆ ಹೇಳೋದು. ನೀವು ಕರೆದ್ರಂತೆ, ಬಂದೆ."

"ಡಬ್ಬಿಯಲ್ಲಿ ಏನು ಬರೆದಿತ್ತು ಅಂತ ಹೇಳಿ ನೋಡೋಣ."

ಕೂಸು ತೆವಳಿಕೊಂಡು ಹೋಗಿ ತ್ಯಾಗರಾಜರ ಬೂಟಿನ ದಾರ ಹಿಡಿದು ಎಳೆಯಿತು. ಅವರು ಕೆಳಗೆ ನೋಡಲಿಲ್ಲ. ನನಗೆ ನಿಂತು ನೋಡಲಾಗಲಿಲ್ಲ.

"ಕೈಗೆ ಹತ್ತಿದ ಅಭ್ಯಾಸ ತ್ಯಾಗರಾಜರೇ, ಯಾರಿಗೂ ಆಗೋದೇ," ಎಂದೆ. "ಇದರಲ್ಲಿ ನಾಚಿಕೆ ಏನು? ಪದ್ಮಿನಿ ನನಗೆ ಎಲ್ಲ ಹೇಳಿದಳು."

ಅವರು ಹೆಂಡತಿಯ ಕಡೆ ತಿರುಗಿದರು. "ಏನು ಹೇಳಿದೆ?"

ಪದ್ಮಿನಿ ತಲೆ ತಗ್ಗಿಸಿದಳು.

"ಬೂಟು ಹಾಕ್ಕೊಂಡಿದ್ದು, ಬಿಚ್ಚಿದ್ದು, ಎಲ್ಲಾನೂ ಹೇಳಿದ್ದಾರೆ ಸಾರ್," ಎಂದು ರಮೇಶರು ನಕ್ಕುಬಿಟ್ಟರು.

ಆ ನಗು ಇಲ್ಲದಿದ್ದರೆ ಏನಾಗುತ್ತಿತ್ತೋ. ತ್ಯಾಗರಾಜರು ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೂ ಹಾಕಿಕೊಂಡರು.

"ಬರ್ಕೊಳ್ಳಿ ರಮೇಶ್. ಓದಿದೆ. ಓದಿ, ಬೇಕಂತ್ಲೇ ತಿರುಗಿಸಿದೆ. ನಿಮ್ಮ ಮಷಿನ್ ಎಂಥ ದಡ್ಡ ಅಂತ ತೋರಿಸ್ಬೇಕಿತ್ತು. ಯಾರು ಏನು ಹೇಳಿದ್ರೂ ನಂಬತ್ತೆ."

"ಸುಳ್ಳು ಸಾರ್. ನಿಮಗೆ ಗೊತ್ತಾಗ್ಲಿಲ್ಲ."

"ಆ ಆಫೀಸಿನ ಗಡಿಯಾರ ನನಗೆ ಗೊತ್ತಾಗಲ್ವಾ?"

ರಮೇಶರು ಈಗ ಎದ್ದು ನಿಂತಿದ್ದರು. "ಕೆಲಸ ಹೋಗತ್ತೆ. ಹುಡುಗಾಟ ಆಡ್ಬೇಡಿ ಸಾರ್. ಆಯ್ತು, ನೀವೇನೂ ಹೇಳ್ಬೇಡಿ, ನಾನೇ ಹೇಳ್ತೀನಿ."

"ನೀವು ಹೇಳಿದ್ರೆ ನಾನು ಇಲ್ಲ ಅಂತೀನಿ," ಎಂದು ತ್ಯಾಗರಾಜರು ಕಾಲನ್ನು ಮೆಲ್ಲಗೆ ಕೂಸಿನ ಕೈಯಿಂದ ಬಿಡಿಸಿಕೊಂಡು ಹೊರಟರು.

ಬುಧವಾರ ಹಾಗೆಯೇ ಹೇಳಿದರು. ರಮೇಶರೂ ಹೇಳಿದರಂತೆ, ವಿಲ್ಲೆಮ್ ಒಪ್ಪಲಿಲ್ಲ. ತಾನೇ ಮಾಡಿದೆ ಎನ್ನುವವನನ್ನು ಹೇಗೆ ಇಟ್ಟುಕೊಳ್ಳುವುದು? ಬೀಗದ ಕೈ ಕಸಿದುಕೊಂಡರು. ಗೋಡೌನಿನಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಯಾರಿಗೂ ಬೇಡವೆಂದು ಅವರಿಗೇ ಕೊಟ್ಟರು. ಹಗಲೆಲ್ಲ ಮನೆಯಲ್ಲಿ ಅದರ ಮುಂದೆ ಕೂತು ಏನೋ ಒತ್ತುತ್ತಿದ್ದರು. ಪದ್ಮಿನಿ ವಿಮಾನ ನಿಲ್ದಾಣದ ಕಡೆಯ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದಳು. ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಬೀದಿಯಲ್ಲಿ ಸಿಕ್ಕರೆ ಕೂಸನ್ನು ಮಾತಾಡಿಸುವಳು, ನನ್ನನ್ನಲ್ಲ. ರಮೇಶರ ಮುಂದೆ ಅವರ ಹೆಸರೆತ್ತಿದರೆ ಊಟ ಬಿಟ್ಟು ಏಳುವರು.

ದೀಪಾವಳಿಗೆ ಹತ್ತಿರದ ಲೈಡನ್ ಪಟ್ಟಣದಲ್ಲಿ ಕನ್ನಡದವರು ಸೇರಿದ್ದರು. ಓದಲು ಬಂದ ಹುಡುಗರ ಗುಂಪಿನ ನಡುವೆ ತ್ಯಾಗರಾಜರು ಕೂತು ಹೇಳುತ್ತಿದ್ದರು. "ಡಬ್ಬಿ ಓದಿದೆ. ಓಹೋ, ನೀನೇ ತಿರುಗಿಸ್ಕೊಂಡ್ಯಾ ಮಗನೇ, ತಗೋ ಇನ್ನೊಂದು ಗಂಟೆ ಅಂತ ಹಾಕಿದೆ. ಇಡೀ ವಿಮಾನ ಖಾಲಿ ಹೋಯ್ತು." ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ವಿಮಾನ ಖಾಲಿಯೇನೂ ಹೋಗಿರಲಿಲ್ಲ.

ಪದ್ಮಿನಿ ಚಿತ್ರಾನ್ನ ಬಡಿಸುತ್ತ ನನ್ನ ಹತ್ತಿರ ಬಂದಳು. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ತಟ್ಟೆಗೆ ಒಂದು ಸೌಟು ಜಾಸ್ತಿಯೇ ಹಾಕಿದಳು.

"ಊಟ ಮಾಡಿ. ನೀವು ಮಾತಾಡಿದ್ದು ಸಾಕು," ಎಂದು ಮುಂದಿನ ತಟ್ಟೆಗೆ ಹೋದಳು.