ಗಂಡನ ತತ್ವಶಾಸ್ತ್ರ

ಐವತ್ತೆರಡು ತುಂಬಿದ ಮೇಲೆ ನಿನ್ನ ಗಂಡ ಕಾಲೇಜಿಗೆ ಹೋಗುತ್ತಾನೆ, ಅದೂ ತತ್ವಶಾಸ್ತ್ರ ಓದುತ್ತಾನೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ದರ್ಜಿಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ನಗು ಬರುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಬೀದಿಯವರ ಪ್ಯಾಂಟುಗಳ ಉದ್ದ ಇಳಿಸಿ, ಕೆಟ್ಟ ಜಿಪ್ಪುಗಳನ್ನು ಕಿತ್ತು ಹೊಸದು ಕೂರಿಸಿ ಇಪ್ಪತ್ತು ವರ್ಷ ಸಂಸಾರ ತೂಗಿಸಿದವಳು ಅವಳು. ಗಂಡ ಲಿಫ್ಟ್ ಮೆಕ್ಯಾನಿಕ್ಕು. ಮಾತು ಕಡಿಮೆ, ಕೈ ಚುರುಕು. ಅಂಥವನು ಸಿಕ್ಕಿದ್ದು ತನ್ನ ಪುಣ್ಯ ಎಂದೇ ಅವಳು ತಿಳಿದಿದ್ದಳು.

ಎಡವಟ್ಟು ಶುರುವಾದದ್ದು ಸರ್ಕಾರಿ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ. ಅಲ್ಲಿನ ಹಳೇ ಕಟ್ಟಡದ ಲಿಫ್ಟು ಕೆಟ್ಟಿತ್ತು. ರಿಪೇರಿಗೆ ಹೋದವನು ನಾಲ್ಕು ದಿನ ಲಿಫ್ಟಿನ ನೆತ್ತಿಯ ಮೇಲೆ ಕೂತು ಉಕ್ಕಿನ ಹಗ್ಗ ಬದಲಿಸಿದ. ಗೋಡೆಯ ಆಚೆ ಮೂರನೇ ಮಹಡಿಯ ಕ್ಲಾಸು. ಪಾಠ ಹೇಳುವ ಮೇಡಂ ದನಿ ಕತ್ತಲ ಕೊಳವೆಯೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಐದನೇ ದಿನ ಕೆಲಸ ಮುಗಿದಿತ್ತು. ಆದರೂ ಹೋದ. ಕೆಲಸಕ್ಕೆ ಹೋಗುವವರಿಗೆಂದೇ ಸಂಜೆ ಬಿ.ಎ. ನಡೆಯುತ್ತದೆಂದು ತಿಳಿದು, ಅರ್ಜಿ ಹಿಡಿದುಕೊಂಡು ಮನೆಗೆ ಬಂದ.

"ಇದೇನ್ರೀ ಹೊಸ ಹುಚ್ಚು?"

"ಪಾಠ ಅರ್ಧಕ್ಕೇ ನಿಂತಿತ್ತು. ಮುಂದೇನಾಯ್ತು ಅಂತ ತಿಳ್ಕೋಬೇಕು."

"ಅದಕ್ಕೆ ಮೂರು ವರ್ಷ ಬೇಕಾ? ಆ ಮೇಡಂನ ಒಂದ್ ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?"

ಅಲ್ಲಿಂದ ಮುಂದೆ ಅವನ ಬಾಯಿಗೆ ಬೀಗವೇ ಇಲ್ಲದಂತಾಯಿತು. ಪ್ಯಾಂಟು ತೆಗೆದುಕೊಳ್ಳಲು ಬಂದ ಅಂಚೆಯವನು, "ಸೊಂಟಕ್ಕೆ ಸರಿಯಾಗುತ್ತೆ ಅಲ್ವಾ?" ಎಂದು ಕೇಳಿದರೆ, ಒಳಗಿನಿಂದ ಇವನ ದನಿ ಬರುತ್ತಿತ್ತು: "ಪ್ಯಾಂಟು ನಿಮಗೆ ಸರಿಯಾಗ್ಬೇಕೋ, ನೀವು ಪ್ಯಾಂಟಿಗೆ ಸರಿಯಾಗ್ಬೇಕೋ?" ಅಂಚೆಯವನ ಮುಖ ಕೆಂಪಾಯಿತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು ಭಾನುವಾರ ಬರುವುದನ್ನೇ ಬಿಟ್ಟಳು. "ಅಮ್ಮಾ, ಅಪ್ಪನಿಗೆ ಪರೀಕ್ಷೆ ಮುಗೀಲಿ, ಆಮೇಲೆ ಬರ್ತೀನಿ," ಎಂದು ಫೋನಿನಲ್ಲೇ ಕೈ ತೊಳೆದುಕೊಂಡಳು.

ಎರಡನೇ ವರ್ಷದ ಒಂದು ಬೆಳಿಗ್ಗೆ ಇಬ್ಬರೂ ಸಾಮಾನು ತರಲು ಹೊರಟು ಬೀದಿಯ ತಿರುವಿಗೆ ಬಂದಿದ್ದರು. "ಒಲೆ ಆರಿಸಿದ್ರಾ?" ಎಂದಳು.

"ಆರಿಸಿದ ಹಾಗೆ ನೆನಪಿದೆ. ಆದ್ರೆ ನೋಡು, ನೆನಪನ್ನ ಎಷ್ಟರಮಟ್ಟಿಗೆ..."

ಅವಳು ಚೀಲ ಅಲ್ಲೇ ಬಿಟ್ಟು ಓಡಿದಳು. ಹಾಲು ಉಕ್ಕಿ, ಬತ್ತಿ, ಪಾತ್ರೆ ಕಪ್ಪಾಗಿ ಹೊಗೆಯಾಡುತ್ತಿತ್ತು. ಅದನ್ನು ಉಜ್ಜುವ ಗೋಜಿಗೂ ಹೋಗದೆ, ಸೀರೆ ಬದಲಿಸಿ, ನೇರ ವಿಶ್ವವಿದ್ಯಾಲಯದ ಬಸ್ಸು ಹತ್ತಿದಳು.

ಮೇಡಂ ಕೋಣೆಯಲ್ಲಿ ಕುರ್ಚಿಯ ಮೇಲೂ ಉತ್ತರಪತ್ರಿಕೆಗಳ ಕಟ್ಟು. ಅದನ್ನು ಎತ್ತಿ ನೆಲಕ್ಕಿಟ್ಟು ಕೂತು ದರ್ಜಿಯಮ್ಮ ಶುರುಮಾಡಿದಳು. "ನೀವು ಅವರಿಗೆ ಏನು ಕಲಿಸ್ತಿದೀರೋ ನಂಗೊತ್ತಿಲ್ಲ. ದಯವಿಟ್ಟು ಸ್ವಲ್ಪ ಕಮ್ಮಿ ಕಲಿಸಿ. ಒಂದು ಗಳಿಗೆ ಸುಮ್ಮನಿರಲ್ಲ."

ಮೇಡಂ ಕನ್ನಡಕ ತೆಗೆದು ನೋಡಿದರು. "ಯಾರು, ಲಿಫ್ಟಿನವರಾ? ಅವರು ಕೊನೇ ಬೆಂಚಲ್ಲಿ ಕೂತ್ಕೋತಾರಮ್ಮ. ಒಂದೂವರೆ ವರ್ಷದಲ್ಲಿ ಬಾಯಿ ಬಿಟ್ಟಿದ್ದು ಒಂದೇ ಸಲ. ಕಿಟಕಿ ಹಾಕ್ಲಾ ಅಂತ ಕೇಳೋಕೆ."

"ನಮ್ಮನೇಲಿ ಬಾಯಿ ಮುಚ್ಚಿದ್ದು ಒಂದೇ ಸಲ. ಹಲ್ಲು ಕೀಳಿಸ್ಕೊಂಡು ಬಂದಾಗ!"

ಮೇಡಂಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ ಹೇಳಿದರು. "ಅಕ್ಷರ ಅಷ್ಟಕ್ಕಷ್ಟೇ, ಆದ್ರೆ ಬರೆಯೋ ವಿಷಯ ಚೆನ್ನಾಗಿರುತ್ತೆ. ಕಷ್ಟ ಇರೋದು ಮುಂದಿನ ವಾರ. ಮೌಖಿಕ ಪರೀಕ್ಷೆ. ಅಲ್ಲೂ ಹೀಗೇ ಕಂಬದ ಥರ ಕೂತ್ರೆ ನಾನು ಪಾಸು ಮಾಡೋಕಾಗಲ್ಲ."

ದೂರು ಹೇಳಲು ಹೋದವಳು ದೂರು ಕೇಳಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಸಿಟ್ಟು ಕುದಿಯಿತು. ಮನೆಯಲ್ಲಿ ಅವನು ಪಾತ್ರೆ ಉಜ್ಜುತ್ತಾ ನಿಂತಿದ್ದ.

"ಇಲ್ಲಿ ನನ್ನ ತಲೆ ತಿನ್ನೋ ಬಾಯಿ ಅಲ್ಲಿ ಎಲ್ಲಿಗೆ ಹೋಗುತ್ತೆ?"

ಅವನು ನಲ್ಲಿ ನಿಲ್ಲಿಸಿದ. "ಅಲ್ಲಿರೋರೆಲ್ಲ ನಮ್ಮ ಮಗಳಿಗಿಂತ ಚಿಕ್ಕೋರು. ಪುಸ್ತಕದ ಹೆಸರೆಲ್ಲ ಪಟಪಟ ಹೇಳ್ತಾರೆ. ನಾನು ಬಾಯಿ ಬಿಟ್ರೆ ನಗ್ತಾರೇನೋ ಅನ್ಸುತ್ತೆ. ನೀನಾದ್ರೆ ಬೈತೀಯ. ನಗಲ್ಲ."

ಇದು ಹೊಗಳಿಕೆಯೋ ತೆಗಳಿಕೆಯೋ ಅವಳಿಗೆ ಬಗೆಹರಿಯಲಿಲ್ಲ. ಆ ವಾರವೆಲ್ಲ ಹೊಲಿಯುತ್ತಲೇ ಅವನ ಪುಸ್ತಕ ಮಡಿಲಲ್ಲಿಟ್ಟುಕೊಂಡು ಪ್ರಶ್ನೆ ಕೇಳಿದಳು. ಅವನು ನಿಲ್ಲದೆ ಉತ್ತರ ಕೊಟ್ಟ. ಎರಡು ಅಂಗಿಗಳ ತೋಳು ಅದಲುಬದಲಾಯಿತು.

ಪರೀಕ್ಷೆಯ ದಿನ ಅವಳೂ ಜೊತೆಗೆ ಹೋದಳು, ಇವನು ದಾರಿಯಲ್ಲಿ ಎಲ್ಲಾದರೂ ತಪ್ಪಿಸಿಕೊಂಡಾನು ಎಂಬ ಗುಮಾನಿಯಿಂದ. ಸೆಕೆಗೆ ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಕೂತರೆ ಎಲ್ಲ ಕಾಣುತ್ತಿತ್ತು. ಮೇಡಂ ಪಕ್ಕದಲ್ಲಿ ಬೇರೆ ಊರಿನಿಂದ ಬಂದಿದ್ದ ಹಿರಿಯ ಪರೀಕ್ಷಕರು.

"ತಿಳಿಯೋದಕ್ಕೂ ನಂಬೋದಕ್ಕೂ ಏನು ವ್ಯತ್ಯಾಸ, ಹೇಳಿ," ಎಂದರು ಅವರು.

ಅವನು ಮೇಜನ್ನು ನೋಡಿದ. ಫ್ಯಾನು ಕಿರುಗುಟ್ಟಿತು. ಒಂದು ನಿಮಿಷವಾಯಿತು, ಎರಡಾಯಿತು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ದರ್ಜಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೊಸ್ತಿಲಲ್ಲಿ ನಿಂತಳು.

"ರೀ! ಹೋದ ವರ್ಷ ಗೊತ್ತು ಗೊತ್ತು ಅಂತ ನಲ್ಲಿ ಬಿಚ್ಚಿ ಅಡುಗೆಮನೆ ತುಂಬಾ ನೀರು ಮಾಡಿದ್ರಲ್ಲ, ಗೊತ್ತಿತ್ತಾ ನಿಮಗೆ?"

"ಇಲ್ಲ," ಎಂದ ಥಟ್ಟನೆ. "ಗೊತ್ತಿದೆ ಅಂತ ನಂಬಿದ್ದೆ."

"ಎರಡೂ ಒಂದೇ ಅಲ್ವಾ?"

"ಒಂದೇ ಹೇಗಾಗುತ್ತೆ?" ಅವನು ಕುರ್ಚಿಯನ್ನೇ ಅವಳ ಕಡೆ ತಿರುಗಿಸಿದ. "ಬೆಳಿಗ್ಗೆ ಲಿಫ್ಟ್ ಹತ್ತೋರೆಲ್ಲ ಹಗ್ಗ ಗಟ್ಟಿಯಾಗಿದೆ ಅಂತ ನಂಬಿರ್ತಾರೆ. ಹಗ್ಗ ಗಟ್ಟಿಯಾಗೇ ಇರುತ್ತೆ. ಆದ್ರೂ ಅದು ತಿಳುವಳಿಕೆ ಅಲ್ಲ, ಅದೃಷ್ಟ. ನಾನು ಮೇಲೆ ಹತ್ತಿ ಒಂದೊಂದು ಎಳೆ ಮುಟ್ಟಿ ನೋಡಿರ್ತೀನಿ. ನಂಗೆ ಗೊತ್ತಿರುತ್ತೆ."

"ಮುಟ್ಟಿ ನೋಡಿದ್ರೂ ತಪ್ಪಾಗಲ್ವಾ?"

"ಆಗುತ್ತೆ. ಅದಕ್ಕೇ ಹಗ್ಗ ಕಿತ್ರೂ ಹಿಡ್ಕೊಳ್ಳೋ ಬ್ರೇಕ್ ಬೇರೆ ಇಟ್ಟಿರ್ತೀವಿ."

"ಹಾಗಾದ್ರೆ ನಿಮಗೂ ಗೊತ್ತಿಲ್ಲ ಅಂತಾಯ್ತು!"

"ಎಷ್ಟು ಗೊತ್ತಿದೆ ಅಂತ ಗೊತ್ತಿರೋನೇ ಬ್ರೇಕ್ ಇಡೋದು ಕಣೇ!"

ಮೇಡಂ ಅವಳನ್ನು ಆಚೆ ಕಳಿಸಲು ಎದ್ದರು. ಪರೀಕ್ಷಕರು ಕೈಸನ್ನೆಯಲ್ಲೇ ತಡೆದರು. ಜಗಳ ಇಪ್ಪತ್ತು ನಿಮಿಷ ನಡೆಯಿತು. ಕೊನೆಗೆ ಪರೀಕ್ಷಕರು, "ಇದಕ್ಕೆ ನಿಯಮದಲ್ಲಿ ಅವಕಾಶ ಇದೆಯಾ?" ಎಂದು ಕೇಳಿದರು.

"ಬಾಗಿಲು ತೆಗೆದಿತ್ತು ಸರ್," ಎಂದರು ಮೇಡಂ. "ಹೊರಗಿನ ಗಲಾಟೆಗೆ ನಾವೇನು ಮಾಡೋಕಾಗುತ್ತೆ?"

ಐವತ್ತಕ್ಕೆ ಮೂವತ್ತೊಂದು ಬಂತು. ಪರೀಕ್ಷಕರಿಗೆ ಬೆನ್ನು ಹಾಕಿ ಮಾತಾಡಿದ್ದಕ್ಕೆ ಐದು ಅಂಕ ಕಳೆದಿದ್ದರಂತೆ. ನೀವೂ ಕ್ಲಾಸಿಗೆ ಸೇರಿಕೊಳ್ಳಿ ಎಂದು ಮೇಡಂ ಅವಳನ್ನು ಕರೆದರು. "ಶಾಲೆ ಯೂನಿಫಾರ್ಮ್ ನಲವತ್ತು ಹೊಲಿಯೋದಿದೆ, ನಮ್ಮನ್ನ ಬಿಟ್ಬಿಡಿ," ಎಂದು ದರ್ಜಿಯಮ್ಮ ಕೈ ಮುಗಿದಳು.

ಆಮೇಲೆ ಅವನು ಕ್ಲಾಸಿನಲ್ಲೂ ಮಾತಾಡತೊಡಗಿದ. ಯಾರೂ ನಗಲಿಲ್ಲ. ಅಲ್ಲಿ ಮಾತು ಖರ್ಚಾದರೆ ಮನೆಯಲ್ಲಿ ಕಡಿಮೆಯಾದೀತು ಎಂಬ ಅವಳ ಲೆಕ್ಕ ಮಾತ್ರ ತಲೆಕೆಳಗಾಯಿತು. ತಾನು ಏನಂದೆ, ಅದಕ್ಕೆ ಅವರೇನಂದರು, ಅದಕ್ಕೆ ತಾನು ಮತ್ತೇನಂದೆ ಎಂದು ಎಲ್ಲವನ್ನೂ ದಿನಾ ಮೊದಲಿನಿಂದ ಹೇಳುತ್ತಿದ್ದ. ಬಿ.ಎ. ಮುಗಿಯುತ್ತ ಬಂದಾಗ ಎಂ.ಎ. ಅರ್ಜಿ ತಂದು ಮೆಲ್ಲಗೆ ಹೊಲಿಗೆ ಯಂತ್ರದ ಮೇಲಿಟ್ಟ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, ಅವನ ಅಕ್ಷರ ಯಾರಿಗೂ ಓದಲು ಬರುವುದಿಲ್ಲವಾದ್ದರಿಂದ, ಬೈಯುತ್ತ ಬೈಯುತ್ತ ತಾನೇ ತುಂಬಿಕೊಟ್ಟಳು.