ಒಂದಂಗುಲದ ಅಟ್ಟೆ

ಬೂಟಣ್ಣನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಒಟ್ಟಿಗೆ ನಿಂತರೆ ಮೂರನೆಯವನು ಬೀದಿಯಲ್ಲೇ ಕಾಯಬೇಕು. ಬೂಟಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಯಾರಿಗೂ ನೆನಪಿಲ್ಲ, ಅವನಿಗೂ ಅದರ ಗೊಡವೆಯಿಲ್ಲ. ಒಂದು ವಾರದಲ್ಲಿ ಬೇಕೆಂದವರಿಗೆ ಮೂರು ವಾರ ಸತಾಯಿಸಿ ಕೊಡುತ್ತಿದ್ದ, ಆದರೆ ಕೊಟ್ಟ ಬೂಟು ಹತ್ತು ವರ್ಷ ಬಾಯಿ ಬಿಡುತ್ತಿರಲಿಲ್ಲ.

ವರ್ಷಕ್ಕೊಂದು ಜೊತೆಯನ್ನು ಮಾತ್ರ ಅವನು ಯಾರೂ ಕೇಳದೆಯೇ ಹೊಲಿಯುತ್ತಿದ್ದ. ಅದು ಪಕ್ಕದ ಊರಿನಲ್ಲಿದ್ದ ತಮ್ಮನಿಗೆ. ಎಡಗಾಲಿನದಕ್ಕೆ ಅಟ್ಟೆ ಒಂದಂಗುಲ ದಪ್ಪ, ಏಕೆಂದರೆ ತಮ್ಮನ ಎಡಗಾಲು ಒಂದಂಗುಲ ಗಿಡ್ಡ. ಗಿಡ್ಡವಾದದ್ದು ಬೂಟಣ್ಣನ ದೆಸೆಯಿಂದ. ಹನ್ನೆರಡು ವರ್ಷದವನಾಗಿದ್ದಾಗ, ಏಳು ವರ್ಷದ ತಮ್ಮನನ್ನು ಗೋಡೆ ಹತ್ತಿಸಿ, "ಹಾರೋ, ನಾನು ಹಿಡ್ಕೋತೀನಿ" ಎಂದಿದ್ದ. ತಮ್ಮ ನಂಬಿ ಹಾರಿದ. ಅಣ್ಣ ನಗುತ್ತಾ ಪಕ್ಕಕ್ಕೆ ಸರಿದ. ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ಅಮ್ಮನ ಮುಂದೆ "ಕಾಲು ಜಾರಿ ಬಿದ್ದ" ಎಂದವನೂ ಅಣ್ಣನೇ. ತಮ್ಮ ಅಳುತ್ತಲೇ ಹೌದೆಂದು ತಲೆಯಾಡಿಸಿದ.

ಆ ತಲೆಯಾಡಿಸಿದ್ದು ಬೂಟಣ್ಣನನ್ನು ನಲವತ್ತು ವರ್ಷ ಕೊರೆಯಿತು. ಚರ್ಚಿನ ಬಾಗಿಲು ತೆರೆಯುವವನು ಅವನು, ಬೆಂಚು ಒರೆಸುವವನೂ ಅವನೇ. ಉಪವಾಸವೆಂದರೆ ಎಲ್ಲರಿಗಿಂತ ಒಂದು ಹೊತ್ತು ಜಾಸ್ತಿ. ದೇವರ ಕೃಪೆಯನ್ನು ದುಡಿದು ಗಳಿಸಲಾಗದು, ಸುಮ್ಮನೆ ಕೈಚಾಚಿ ಪಡೆಯಬೇಕು ಎಂದು ಪಾಸ್ಟರು ಹೇಳಿದಾಗ ಎಲ್ಲರಿಗಿಂತ ಜೋರಾಗಿ "ಆಮೆನ್" ಎನ್ನುತ್ತಿದ್ದ. ಅದೆಲ್ಲ ಬೇರೆಯವರಿಗೆ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದ. ತಮ್ಮನ ಕುಂಟು ಕಾಣದ ಹಾಗೆ ಒಂದೇ ಒಂದು ಜೊತೆ ಹೊಲಿದುಬಿಟ್ಟರೆ, ಆಮೇಲೆ ತಾನೂ ದೇವರ ಮುಂದೆ ತಲೆಯೆತ್ತಬಹುದು.

ಈ ವರ್ಷದ ಜೊತೆ ಹಾಗೇ ಕೈಗೂಡಿ ಬಂದಿತ್ತು. ಯಾವಾಗಲೂ ಮೊದಲೇ ತಿಳಿಸಿ ಹೋಗುವವನು ಈ ಸಲ ಖುಷಿ ತಡೆಯಲಾರದೆ ಬೆಳಗಿನ ಬಸ್ಸು ಹತ್ತಿದ.

ಬಾಗಿಲು ತೆರೆದ ತಮ್ಮನ ಹೆಂಡತಿ ಕಕ್ಕಾಬಿಕ್ಕಿಯಾದಳು. "ಅಯ್ಯೋ ಭಾವ! ಒಂದು ಫೋನಾದ್ರೂ ಮಾಡ್ಬಾರ್ದಿತ್ತಾ?"

ಅವಳ ಹಿಂದೆ, ಹಿತ್ತಲಲ್ಲಿ, ತಮ್ಮ ಸವೆದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಟ್ಟೆ ಒಣಹಾಕುತ್ತಿದ್ದ. ಕುಂಟುತ್ತಿದ್ದ, ನಿಜ. ಆದರೆ ಸಿಳ್ಳೆ ಹಾಕುತ್ತಾ, ಸರಸರನೆ ಓಡಾಡುತ್ತಿದ್ದ. ಅವನು ಅಷ್ಟು ಹಗುರವಾಗಿ ನಡೆದದ್ದನ್ನು ಬೂಟಣ್ಣ ಎಂದೂ ನೋಡಿರಲಿಲ್ಲ. ಕಪಾಟಿನ ಕೆಳಗೆ ತಾನು ಹೊಲಿದ ಬೂಟುಗಳೆಲ್ಲ ಸಾಲಾಗಿದ್ದವು, ಒಂದರ ಅಟ್ಟೆಯೂ ಸವೆದಿರಲಿಲ್ಲ.

"ನೀವು ಬರೋ ದಿನ ಮಾತ್ರ ಹಾಕ್ಕೋತಾರೆ ಭಾವ," ಎಂದು ಅವಳು ಬಾಯಿಬಿಟ್ಟಳು. "ಆಮೇಲೆ ಎರಡು ದಿನ ಸೊಂಟ ಹಿಡ್ಕೊಂಡು ಮಲಗ್ತಾರೆ."

ಒಳಗೆ ಬಂದ ತಮ್ಮ ಹೆಂಡತಿಯನ್ನು ಕಣ್ಣಲ್ಲೇ ಗದರಿದ. ಬೂಟಣ್ಣನ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಮೊದಲೇ ಯಾಕೋ ಹೇಳ್ಲಿಲ್ಲ?"

"ನಿನಗೆ ಸಮಾಧಾನ ಆಗ್ಲಿ ಅಂತ ಹಾಕ್ಕೋತಿದ್ದೆ ಅಣ್ಣ. ಕಾಲು ಈ ನಡಿಗೆಗೇ ಒಗ್ಗಿ ಹೋಗಿದೆ. ನಿನ್ನನ್ನ ನಾನು ಆವತ್ತೇ ಕ್ಷಮಿಸಿಬಿಟ್ಟಿದ್ದೆ. ಇಲ್ದಿದ್ರೆ ಅಮ್ಮನ ಮುಂದೆ ಯಾಕೆ ತಲೆ ಆಡಿಸ್ತಿದ್ದೆ?"

ಬೂಟಣ್ಣನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷದ ದುಡಿಮೆಯನ್ನು ಒಂದೇ ಮಾತಿನಲ್ಲಿ ನೀರುಪಾಲು ಮಾಡಲು ಇವನ್ಯಾರು? ಪುಕ್ಕಟೆ ಕ್ಷಮೆ ಯಾರಿಗೆ ಬೇಕಿತ್ತು? ಮರುಕ್ಷಣವೇ ನಾಚಿಕೆಯಿಂದ ಕುಗ್ಗಿಹೋದ. ತಾನು ಪ್ರಾಯಶ್ಚಿತ್ತ ಎಂದುಕೊಂಡದ್ದರ ನೋವನ್ನೂ ತಮ್ಮನೇ ನುಂಗಿದ್ದ. ದೇವರಿಗೂ ತಾನು ಇದನ್ನೇ ಮಾಡಿದ್ದಲ್ಲವೇ? ಕೊಟ್ಟದ್ದನ್ನು ತೆಗೆದುಕೊಳ್ಳದೆ, ಕೇಳದ್ದನ್ನು ತಂದು ತಂದು ಸುರಿದದ್ದು.

"ಹಾಗಾದ್ರೆ ನಾನೀಗ ಏನ್ಮಾಡ್ಲಿ ಮಾರಾಯ?"

"ಏನೂ ಮಾಡ್ಬೇಡ. ಸುಮ್ನೆ ಕೂತ್ಕೋ."

ಕೂತ. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ. ಅಷ್ಟು ಜೊತೆ ಬೂಟು ಹೊಲಿದುಕೊಟ್ಟವನು, ಹೇಳಬೇಕಾದ ಒಂದು ಮಾತನ್ನು ನಲವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ತಮ್ಮನ ಮುಖ ನೋಡಲಾಗದೆ ನೆಲ ನೋಡುತ್ತಾ ಹೇಳಿದ:

"ಬೇಕಂತ್ಲೇ ಸರಿದೆ ಕಣೋ. ತಪ್ಪಾಯ್ತು."